ಕೈಬರಹ ಸಣ್ಣದಾಗುವವರೆಗೆ

ಆ ಬೇಸಿಗೆಯಲ್ಲಿ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಕೂತರೆ ಏಳು ಅನ್ನುತ್ತಿತ್ತು, ಎದ್ದರೆ ನಡೆ ಅನ್ನುತ್ತಿತ್ತು, ನಡೆದರೆ ಎಲ್ಲಿಗೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಊಟದ ತಟ್ಟೆಯನ್ನು ಕೈಯಲ್ಲಿ ಹಿಡಿದು ಒಲೆಗೂ ಬಾಗಿಲಿಗೂ ಓಡಾಡುತ್ತಲೇ ಉಣ್ಣುತ್ತಿದ್ದೆ. "ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ತಿಂತೀರಲ್ಲ, ನೋಡೋಕೇ ಸುಸ್ತಾಗುತ್ತೆ" ಎನ್ನುತ್ತಿದ್ದಳು ಹೆಂಡತಿ. ಅಟ್ಟಿಸಿಕೊಂಡು ಬರುವವರು ಒಂದು ಕಾಲದಲ್ಲಿ ನಿಜವಾಗಿಯೂ ಇದ್ದರು, ನನ್ನ ತಲೆಯೊಳಗೆ. ಈಗ ಅವರಿರಲಿಲ್ಲ. ಈಗ ನನ್ನನ್ನು ಓಡಿಸುತ್ತಿದ್ದದ್ದು ಅವರನ್ನು ಓಡಿಸಿದ ಮಾತ್ರೆ.

ಪುಣ್ಯಕ್ಕೆ ನನ್ನದು ಕ್ಷೌರದ ಕೆಲಸ. ಗುಮಾಸ್ತನೋ ದರ್ಜಿಯೋ ಆಗಿದ್ದರೆ ಒಂದೇ ದಿನದಲ್ಲಿ ಸಿಕ್ಕಿಬೀಳುತ್ತಿದ್ದೆ. ಕ್ಷೌರದವನು ಕುರ್ಚಿಯ ಸುತ್ತ ಸುತ್ತದೆ ಇನ್ನೇನು ಮಾಡುತ್ತಾನೆ? ಕಿವಿಯ ಈಚೆ ಒಂದಿಷ್ಟು ಕತ್ತರಿ, ಆಚೆ ಒಂದಿಷ್ಟು ಕತ್ತರಿ, ಹಿಂದೆ ಹೋಗಿ ಕನ್ನಡಿಯಲ್ಲಿ ನೋಡು, ಮತ್ತೆ ಮುಂದೆ ಬಾ. ನಾನು ಒಂದು ತಲೆಗೆ ಬೇಕಾದದ್ದಕ್ಕಿಂತ ಹೆಚ್ಚು ಸುತ್ತುತ್ತಿದ್ದೆ, ಅಷ್ಟೆ. ಗಿರಾಕಿಗಳು ಗಿರಗಿಟ್ಲೆ ಎಂದು ಹೆಸರಿಟ್ಟರು. "ಗಿರಗಿಟ್ಲೆ, ಸ್ವಲ್ಪ ನಿಂತ್ಕೊಂಡು ಮಾಡಪ್ಪ, ನಾನೆಲ್ಲೂ ಓಡಿಹೋಗಲ್ಲ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗುತ್ತಾ ಸುತ್ತುವವನನ್ನು ಏನಾಯಿತಪ್ಪ ಎಂದು ಯಾರೂ ಕೇಳುವುದಿಲ್ಲ.

ಡಾಕ್ಟರಿಗೂ ಹೇಳಿರಲಿಲ್ಲ. ಈಗ ನನ್ನನ್ನು ನೋಡುತ್ತಿದ್ದವರು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಹೋದಾಗಲೆಲ್ಲ "ಹೇಗಿದ್ದೀರಿ?" ಎನ್ನುತ್ತಿದ್ದರು. ನಾನು ಮೇಜಿನ ಕೆಳಗೆ ಒಂದು ಪಾದವನ್ನು ಇನ್ನೊಂದರಿಂದ ತುಳಿದುಕೊಂಡು "ಚೆನ್ನಾಗಿದ್ದೀನಿ" ಎನ್ನುತ್ತಿದ್ದೆ. ಯಾಕೆ ಈ ಸುಳ್ಳು ಅಂದರೆ, ಕೈ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಒಂದು ಮಾತ್ರೆ ನನ್ನ ತಲೆಯನ್ನು ಸರಿಯಾಗಿಟ್ಟು, ಕೈಯನ್ನು ನಡುಗಿಸದೆ ನನಗೇ ಬಿಟ್ಟುಕೊಟ್ಟಿತ್ತು. ಕಾಲು ಕುಣಿಯುತ್ತದೆ ಎಂದು ಬಾಯಿಬಿಟ್ಟರೆ ಮಾತ್ರೆ ಬದಲಾಯಿಸುತ್ತಾರೆ. ಮಾತ್ರೆ ಬದಲಾದರೆ ಕೈ ಹೋಗುತ್ತದೆ. ಕೈ ಹೋದರೆ ಕ್ಷೌರದ ಕತ್ತಿ ಸಿಗುವುದಿಲ್ಲ. ನನಗೆ ಆ ಕತ್ತಿ ಬೇಕಾಗಿತ್ತು.

ಅಂಗಡಿ ಅಪ್ಪನ ಕಾಲದ್ದು. ಎರಡು ಕುರ್ಚಿ. ಬಾಗಿಲ ಪಕ್ಕದ್ದು ನನ್ನದು, ನಲ್ಲಿಯ ಪಕ್ಕದ್ದು ತಮ್ಮನದು. ಹಿರಿಯ ನಾನು, ಆದರೆ ಕತ್ತಿಗಳೆಲ್ಲ ತಮ್ಮನ ಡ್ರಾಯರಿನಲ್ಲಿ, ಬೀಗ ಹಾಕಿ. ನಾನು ಕೂದಲು ಕತ್ತರಿಸಬಹುದು, ಗಡ್ಡ ಮುಟ್ಟುವಂತಿಲ್ಲ. ನನ್ನ ಕುರ್ಚಿಯಲ್ಲಿ ಕೂತವರು ಕೊನೆಗೆ ಕತ್ತಿನ ಹಿಂದೆ ಸವರಿಸಿಕೊಳ್ಳಲು, ಮೈಮೇಲಿನ ಬಟ್ಟೆಯನ್ನು ಮುದುರಿ ಹಿಡಿದು, ಎದ್ದು ತಮ್ಮನ ಕುರ್ಚಿಗೆ ಹೋಗಬೇಕು. ಅವರು ಎದ್ದು ಹೋಗುವಾಗಲೆಲ್ಲ ನಾನು ನೆಲ ಗುಡಿಸುತ್ತಿದ್ದೆ, ಅವರ ಮುಖ ನೋಡಬಾರದಲ್ಲ, ಅದಕ್ಕೆ. ಸೌಟು ಹಿಡಿಯಬಾರದು ಅಂದ ಮೇಲೆ ಅವನೆಂಥ ಅಡುಗೆಯವನು?

ತಮ್ಮ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು, ಬೈದು ಹಗುರಾಗಬಹುದಿತ್ತು.

ನನಗೆ ಇಪ್ಪತ್ತೆರಡು ತುಂಬಿದ್ದಾಗ ದನಿಗಳು ಶುರುವಾಗಿದ್ದು. ಅಂಗಡಿಯ ರೇಡಿಯೊ ಆರಿಸಿದ ಮೇಲೂ ಮಾತು ನಿಲ್ಲುತ್ತಿರಲಿಲ್ಲ, ಅದೂ ಬರೀ ನನ್ನದೇ ವಿಷಯ. ಅಪ್ಪ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿದ್ದವರನ್ನು ಎಲ್ಲರೂ ದೊಡ್ಡ ಡಾಕ್ಟರು ಅನ್ನುತ್ತಿದ್ದರು. ಆಳೂ ಹಾಗೇ ಇದ್ದರು, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕು. ಅವರು ಕೊಟ್ಟ ಮೊದಲ ಮಾತ್ರೆಗೆ ನಾನು ಗಿರಾಕಿಗಿಂತ ಮುಂಚೆ ತೂಕಡಿಸುತ್ತಿದ್ದೆ. ಬಿಸಿಲಿಗೆ ಹೋದರೆ ಮುಖ ಸುಟ್ಟು ಸಿಪ್ಪೆ ಏಳುತ್ತಿತ್ತು. ಆಮೇಲೆ ಬೇರೊಂದು ಬಂತು, ನೋಡಲು ಇಷ್ಟೇ ಇಷ್ಟು. ಅದು ದನಿಗಳನ್ನು ಅಡಗಿಸಿತು, ಅದನ್ನು ಒಪ್ಪಲೇಬೇಕು. ಒಂದು ಬೆಳಿಗ್ಗೆ ಎದ್ದಾಗ ಪಾತ್ರೆಯ ಸದ್ದು ಬರೀ ಪಾತ್ರೆಯ ಸದ್ದಾಗಿತ್ತು. ಹಾಸಿಗೆಯಲ್ಲೇ ಕೂತು ಅತ್ತುಬಿಟ್ಟೆ. ಆದರೆ ದನಿಗಳು ಹೋದ ಬಾಗಿಲಲ್ಲೇ ಕೈಯೂ ಹೊರಟುಹೋಯಿತು. ಬೆರಳು ಬಿಗಿಯಾದವು, ಕತ್ತಿ ಹಿಡಿದರೆ ನಡುಕ.

ಅಪ್ಪ ನಮ್ಮಿಬ್ಬರಿಗೂ ಕೆಲಸ ಕಲಿಸಿದ್ದು ಬಲೂನಿನ ಮೇಲೆ. ಬಲೂನು ಊದಿ, ನೊರೆ ಬಳಿದು, ಒಡೆಯದ ಹಾಗೆ ಕತ್ತಿಯಿಂದ ನೊರೆ ತೆಗೆಯಬೇಕು. ಅದು ಬಂದರೆ ಮಾತ್ರ ಮನುಷ್ಯರ ಕೆನ್ನೆ. ಆ ಸಣ್ಣ ಮಾತ್ರೆಯ ಕಾಲದಲ್ಲಿ ನಾನು ಹಿಂದಿನ ಕೋಣೆಯಲ್ಲಿ ಮತ್ತೆ ಬಲೂನು ಹಿಡಿದೆ. ಪಟ್, ಪಟ್ ಎಂದು ಒಡೆಯುವುದು ಗಿರಾಕಿಗಳಿಗೂ ಕೇಳುತ್ತಿತ್ತು. "ಒಳಗಡೆ ಏನು, ಮದುವೆ ಮನೇನಾ?" ಎಂದು ಯಾರೋ ಕೇಳಿದರೆ ಅಪ್ಪ ಏನೂ ಹೇಳುತ್ತಿರಲಿಲ್ಲ.

ದೊಡ್ಡ ಡಾಕ್ಟರ ಹತ್ತಿರ ಹೋದಾಗಲೆಲ್ಲ ಅವರು ಒಂದು ಚೀಟಿ ಮುಂದಿಟ್ಟು, "ಬರಿ" ಎನ್ನುತ್ತಿದ್ದರು. ಯಾವಾಗಲೂ ಒಂದೇ ವಾಕ್ಯ: ಇವತ್ತು ಹವೆ ಚೆನ್ನಾಗಿದೆ. ಮಳೆ ಹೊಯ್ಯುತ್ತಿದ್ದರೂ ಅದೇ. ನನ್ನ ಕೈ ಕೆಲಸಕ್ಕೆ ಬರುತ್ತದೋ ಇಲ್ಲವೋ ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಫೇಲಾದರೆ ಇವನು ಕೆಲಸಕ್ಕೆ ನಾಲಾಯಕ್ಕು ಎಂದು ಅಪ್ಪನಿಗೆ ಹೇಳಿಬಿಟ್ಟರೆ? ಮನೆಯಲ್ಲಿ ಮೊಣಕೈಯನ್ನು ಮೇಜಿಗೆ ಒತ್ತಿ, ಉಸಿರು ಹಿಡಿದು, ಅದೇ ವಾಕ್ಯವನ್ನು ಬರೆದೂ ಬರೆದೂ ಅಭ್ಯಾಸ ಮಾಡಿದೆ. ಅಂಗಡಿ ಬೋರ್ಡಿನ ಹಾಗೆ ದಪ್ಪ ದಪ್ಪ ಅಕ್ಷರ. ಡಾಕ್ಟರು ನೋಡುತ್ತಿದ್ದರು, ಹುಬ್ಬು ಗಂಟಿಕ್ಕುತ್ತಿದ್ದರು, ಮಾತ್ರೆ ಹೆಚ್ಚಿಸುತ್ತಿದ್ದರು. ಕೈ ಇನ್ನಷ್ಟು ಬಿಗಿಯುತ್ತಿತ್ತು. ನಾನು ಇನ್ನಷ್ಟು ಅಭ್ಯಾಸ ಮಾಡುತ್ತಿದ್ದೆ.

ಕೊನೆಗೆ ತಾಳಲಾರದೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಕೈ ಬಂತು. ಅಪ್ಪನ ಮುಖ ಅರಳಿತು, ಕತ್ತಿ ಕೊಟ್ಟ. ಆಮೇಲೆ ಒಂದು ದಿನ, ಗಿರಾಕಿಯ ಕೆನ್ನೆಯ ಮೇಲೆ ಕತ್ತಿ ಇಟ್ಟಿದ್ದಾಗ, ಹಳೆಯ ದನಿಗಳಲ್ಲಿ ಒಂದು ನನ್ನ ಹೆಸರು ಕರೆಯಿತು. ಏನು ಹೇಳುತ್ತದೆ ಎಂದು ಕೇಳುತ್ತಾ ನಿಂತೆ. ಏನೂ ಮಾಡಲಿಲ್ಲ, ಸುಮ್ಮನೆ ನಿಂತೆ. ಆದರೆ ಕತ್ತಿ ಕೆನ್ನೆಯ ಮೇಲೇ ಇತ್ತು, ಎಷ್ಟು ಕರೆದರೂ ನಾನು ಓಗೊಡಲಿಲ್ಲವಂತೆ. ಗಿರಾಕಿ ಮೆಲ್ಲಗೆ ಜಾರಿ ಎದ್ದು, ಅರ್ಧ ಮುಖದಲ್ಲಿ ನೊರೆ ಇಟ್ಟುಕೊಂಡೇ ಬೀದಿಗೆ ಓಡಿದ. ಊರೆಲ್ಲ ನಕ್ಕಿತು. ತಮ್ಮ ಮಾತ್ರ ನಗಲಿಲ್ಲ. ಆ ಸಂಜೆಯೇ ಡ್ರಾಯರಿಗೆ ಬೀಗ ಬಿತ್ತು.

ತಲೆ ನಿಂತರೆ ಕೈ ನಿಲ್ಲದು, ಕೈ ನಿಂತರೆ ತಲೆ ನಿಲ್ಲದು. ಅತ್ತ ದರಿ, ಇತ್ತ ಪುಲಿ. ನಾನು ಮತ್ತೆ ಮಾತ್ರೆ ಬಿಟ್ಟೇನೆಂಬ ಭಯಕ್ಕೆ ಇಂಜೆಕ್ಷನ್ ಶುರು ಮಾಡಿದರು, ಹದಿನೈದು ದಿನಕ್ಕೊಂದು, ಸೊಂಟಕ್ಕೆ. ಆಮೇಲೆ ದೊಡ್ಡ ಡಾಕ್ಟರು ನಿವೃತ್ತರಾದರು. ಬೇರೆಯವರು ಇನ್ನೊಂದು ಮಾತ್ರೆ ಕೊಟ್ಟರು, ಅದರ ಜೊತೆಗೆ ಪದೇ ಪದೇ ರಕ್ತಪರೀಕ್ಷೆ. ಅದರಲ್ಲಿ ನಡುಕವಿರಲಿಲ್ಲ, ಆದರೆ ಬಾಯಲ್ಲಿ ಜೊಲ್ಲು ಸುರಿದು ದಿಂಬು ಒದ್ದೆ, ಹೊಟ್ಟೆ ಗುಡಾಣ. ಬಿಳಿ ರಕ್ತಕಣ ಇಳಿಯಿತು ಎಂದು ಅದನ್ನೂ ನಿಲ್ಲಿಸಿದರು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಮತ್ತೊಂದು, ಮಗದೊಂದು. ಕೊನೆಗೆ ಈ ಡಾಕ್ಟರಮ್ಮನ ಹೊಸ ಮಾತ್ರೆ. ಹೊಟ್ಟೆ ಇಳಿಯಿತು, ಕೈ ಕಲ್ಲಿನ ಹಾಗೆ ನಿಂತಿತು. ಹಿಂದಿನ ಕೋಣೆಯಲ್ಲಿ ಬರೀ ಬ್ಲೇಡಿನಿಂದ ಬಲೂನಿನ ನೊರೆ ತೆಗೆದು ತಮ್ಮನ ಮುಂದೆ ಹಿಡಿದೆ.

ಅವನು ತಿರುಗಿಸಿ ತಿರುಗಿಸಿ ನೋಡಿದ. "ಚೆನ್ನಾಗಿದೆ ಅಣ್ಣ" ಎಂದ. ಬೀಗದ ಕೈ ತೆಗೆಯಲಿಲ್ಲ.

"ಮತ್ತೆ?"

"ಬಲೂನಿಗೆ ಕತ್ತಿಲ್ಲ ಅಣ್ಣ."

ಆ ಮಾತಿಗೆ ಸಿಟ್ಟು ಬಂತು. ಆವತ್ತು ಸಂಜೆಯವರೆಗೆ ಬೀದಿ ಬೀದಿ ಅಲೆದೆ, ಕಾಲಿಗೆ ಹಬ್ಬ.

ಅದಾದ ಸ್ವಲ್ಪ ದಿನಕ್ಕೆ ದೊಡ್ಡ ಡಾಕ್ಟರು ಅಂಗಡಿಗೆ ಬಂದರು. ಮೊದಲು ಗುರುತು ಸಿಗಲಿಲ್ಲ. ಬಾಗಿಲಲ್ಲಿ ತಲೆ ಬಗ್ಗಿಸುವ ಅಗತ್ಯವೇ ಇರಲಿಲ್ಲ, ಬೆನ್ನು ತಾನಾಗಿಯೇ ಬಗ್ಗಿತ್ತು. ಊರುಗೋಲು ಹಿಡಿದು ಪುಟ್ಟ ಪುಟ್ಟ ಹೆಜ್ಜೆ. ಬಲಗೈ, ಬೆರಳುಗಳ ನಡುವೆ ಮಾತ್ರೆ ಉರುಳಿಸುವವರ ಹಾಗೆ, ಒಂದೇ ಸಮ ನಡುಗುತ್ತಿತ್ತು, ಗದ್ದವೂ ನಡುಗುತ್ತಿತ್ತು. ಗಡ್ಡ ಅಲ್ಲಲ್ಲಿ ಬೆಳೆದು, ಅಲ್ಲಲ್ಲಿ ಗೀರಿಕೊಂಡು ಗಾಯ. ತಾವೇ ಮಾಡಿಕೊಳ್ಳಲು ಹೋಗಿದ್ದಾರೆ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಬಾಗಿಲ ಪಕ್ಕದ ನನ್ನ ಕುರ್ಚಿಯಲ್ಲಿ ಕುಸಿದು ಕೂತರು.

ತಮ್ಮ ತನ್ನ ಗಿರಾಕಿಯನ್ನು ಬಿಟ್ಟು ಬಂದ. "ಸರ್, ಗಡ್ಡಕ್ಕೆ ಈ ಕುರ್ಚಿಗೆ ಬನ್ನಿ, ನಾನು ಮಾಡ್ತೀನಿ."

"ಇಲ್ಲೀ ತನಕ ಬರೋದೇ ದೊಡ್ಡ ಸಾಹಸ ಆಯ್ತಪ್ಪ. ಇವನೇ ಮಾಡ್ಲಿ."

"ಅವನು ಗಡ್ಡ ಮಾಡಲ್ಲ ಸರ್." ತಮ್ಮ ದನಿ ತಗ್ಗಿಸಿದ. "ನಿಮಗೇ ಗೊತ್ತಲ್ಲ, ಅವನ ವಿಚಾರ."

"ಗೊತ್ತಿರೋದಕ್ಕೇ ಹೇಳ್ತಿರೋದು. ನೋಡು, ನಡುಗ್ತಿರೋದು ಯಾರ ಕೈ? ಕತ್ತಿ ಕೊಡು ಅವನಿಗೆ."

ತಮ್ಮ ನನ್ನನ್ನು ನೋಡಿದ. ನಾನು ಗೋಡೆ ನೋಡಿದೆ. ಡ್ರಾಯರಿನ ಬೀಗ ತೆಗೆದ ಸದ್ದು ಕೇಳಿತು. ಹೊಸ ಬ್ಲೇಡು ಹಾಕಿ, ಕತ್ತಿಯನ್ನು ನನ್ನ ಅಂಗೈಯಲ್ಲಿಟ್ಟು, ಪಕ್ಕದಲ್ಲೇ ನಿಂತುಕೊಂಡ. ಅವನ ಗಿರಾಕಿ ಅರ್ಧ ಕ್ರಾಪಿನಲ್ಲಿ ಕನ್ನಡಿಯೊಳಗಿಂದ ನಮ್ಮನ್ನು ನೋಡುತ್ತಾ ಕೂತ.

ನೊರೆ ಬಳಿದೆ. ಸೋಪಿನ ಬಟ್ಟಲನ್ನು ಡಾಕ್ಟರ ನಡುಗುವ ಕೈಗೆ ಕೊಟ್ಟು "ಹಿಡ್ಕೊಳ್ಳಿ ಸರ್" ಎಂದೆ. ಏನಾದರೂ ಹಿಡಿದರೆ ನಡುಕ ಸ್ವಲ್ಪ ಇಳಿಯುತ್ತದೆ, ನನಗದು ಅನುಭವ. ಎಡಗೈಯಲ್ಲಿ ಗದ್ದವನ್ನು ಅಂಗೈಗೆ ತೆಗೆದುಕೊಂಡು ಚರ್ಮ ಎಳೆದೆ. ಮೊದಲ ಎಳೆತ ಕಿವಿಯಿಂದ ಕೆಳಕ್ಕೆ ನೀಟಾಗಿ ಬಂತು. ಎಷ್ಟು ವರ್ಷದ ಮೇಲೆ ಆ ಸದ್ದು ಕೇಳಿದ್ದು. ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಕಾಲು ಮಾತ್ರ ಒಂದೇ ಸಮ ಅಂಗಲಾಚುತ್ತಿತ್ತು. ಒಂದು ಎಳೆತ, ಒಂದು ಸುತ್ತು. ಮತ್ತೊಂದು ಎಳೆತ, ಮತ್ತೊಂದು ಸುತ್ತು.

ಡಾಕ್ಟರಿಗೆ ಸುಮ್ಮನಿರಲು ಬರುವುದಿಲ್ಲ, ಆಗಲೂ ಬರುತ್ತಿರಲಿಲ್ಲ. "ನಿನಗೆ ಕೊಟ್ಟಿದ್ನಲ್ಲ, ನಿದ್ದೆ ಬರೋ ಮಾತ್ರೆ, ಅದನ್ನ ಯಾರೂ ಈ ಕಾಯಿಲೆಗೆ ಅಂತ ಹುಡುಕಿದ್ದಲ್ಲ. ಅಲರ್ಜಿ ಮದ್ದುಗಳ ಹಿಂದೆ ಬಿದ್ದವರು, ಆಪರೇಷನ್‌ಗೆ ಮುಂಚೆ ರೋಗಿಗಳ್ನ ಸಮಾಧಾನವಾಗಿಡೋಕೆ ನೋಡ್ತಿದ್ದವರು, ಎಲ್ಲಿಗೋ ಹೊರಟವರಿಗೆ ದಾರೀಲಿ ಸಿಕ್ಕಿದ್ದು. ಅದಕ್ಕೆ ಮುಂಚೆ ನಮ್ಮ ವಾರ್ಡುಗಳಲ್ಲಿ ಏನಿತ್ತು ಹೇಳು? ಬೀಗ ಇತ್ತು. ತಲೆ ಮೇಲೆ ಸುರಿಯೋ ತಣ್ಣೀರಿತ್ತು. ಮತ್ತೆ ಬೀಗ."

"ಮಾತಾಡಿದ್ರೆ ತಾಗುತ್ತೆ ಸರ್."

ಕನ್ನಡಿಯ ಮೇಲೆ ಒಂದು ಬೋರ್ಡು ಇದೆ, ರಾಜಕೀಯ ಮಾತಾಡಬೇಡಿ ಎಂದು. ಅದು ನಾನು ಬರೆದದ್ದು. ಅವರ ಕಣ್ಣು ಅಲ್ಲಿ ನಿಂತಿತು.

"ಅದು ನಿನ್ನ ಕೈಬರಹ ಅಲ್ವಾ? ಮರೆಯೋಕಾಗಲ್ಲ. ವಿಚಿತ್ರ ಕಣಯ್ಯ ನಿಂದು. ಎಲ್ಲರ ಅಕ್ಷರ ಔಷಧಿ ಹತ್ತಿದ ಹಾಗೆ ಸಣ್ಣಗಾಗ್ತಿತ್ತು. ನಿಂದೊಂದೇ ದೊಡ್ಡದಾಗ್ತಾ ಹೋಯ್ತು. ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ."

ಕತ್ತಿ ಆಗ ಅವರ ದವಡೆಯ ಕೆಳಗಿತ್ತು. "ಸಣ್ಣಗಾಗೋದು ಅಂದ್ರೆ?"

"ನಮ್ಮ ಮೇಷ್ಟ್ರು ಹಾಗೇ ಕಲಿಸಿದ್ರು. ಔಷಧಿ ಮೆದುಳಿಗೆ ಮುಟ್ಟಿದೆಯೋ ಇಲ್ವೋ ನೋಡೋಕೆ ಬೇರೆ ದಾರಿ ಗೊತ್ತಿರಲಿಲ್ಲ. ಕೈ ಸ್ವಲ್ಪ ಬಿಗೀಬೇಕು, ಅಕ್ಷರ ಸ್ವಲ್ಪ ಕುಗ್ಗಬೇಕು. ಅಲ್ಲೀ ತನಕ ಏರಿಸು, ಅಲ್ಲಿಗೆ ನಿಲ್ಲಿಸು. ಆಮೇಲೆ ಅದು ತಪ್ಪು ಅಂತ ಗೊತ್ತಾಯ್ತು, ಅಷ್ಟೆಲ್ಲ ಬೇಕಿರಲಿಲ್ಲ. ಆದ್ರೆ ಆಗ ನಾವು ನಂಬಿದ್ದು ಅದನ್ನೇ. ನಿನ್ನ ಅಕ್ಷರ ಕುಗ್ಗಲೇ ಇಲ್ಲ. ಏರಿಸ್ತಾನೇ ಹೋದೆ."

ನಾನು ನಿಂತುಬಿಟ್ಟೆ.

ಕಾಲೂ ನಿಂತಿತು, ಕೈಯೂ ನಿಂತಿತು. ಮೊಣಕೈಯನ್ನು ಮೇಜಿಗೆ ಒತ್ತಿ, ಉಸಿರು ಹಿಡಿದು, ಇವತ್ತು ಹವೆ ಚೆನ್ನಾಗಿದೆ. ಕೈ ಸತ್ತುಹೋಗುತ್ತಿದ್ದದ್ದನ್ನು ಮುಚ್ಚಿಡಲು ನಾನು ಎಷ್ಟು ಒದ್ದಾಡಿದೆನೋ ಅಷ್ಟೂ ಈ ಮನುಷ್ಯ ಮಾತ್ರೆ ಹೆಚ್ಚಿಸಿದ್ದ. ಸಿಟ್ಟು ಉಕ್ಕಿತು. ನನ್ನ ಯೌವನ, ನನ್ನ ಕುರ್ಚಿ, ಬಲೂನು ಒಡೆದ ಸದ್ದಿಗೆ ಬಾಯಿಮುಚ್ಚಿ ಕೂತ ಅಪ್ಪ. ಎಲ್ಲ ಒಂದು ಚೀಟಿಯ ಮೇಲೆ ಹೋಯಿತಲ್ಲ.

"ಅಣ್ಣ" ಎಂದ ತಮ್ಮ. ಕನ್ನಡಿಯಲ್ಲಿ ಅವನ ಮುಖ ಕಂಡಿತು, ರಕ್ತವಿರಲಿಲ್ಲ. ಗಿರಾಕಿ ನೊರೆಯಲ್ಲೇ ಓಡಿಹೋದ ಆ ದಿನವನ್ನೇ ಅವನು ನೋಡುತ್ತಿದ್ದ. "ಅಣ್ಣ, ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಕಣೋ" ಎಂದೆ. "ನಿನ್ನ ದನೀನೇ ಕೇಳಿಸ್ತಿದೆ. ಬೇರೆ ಯಾರದ್ದೂ ಇಲ್ಲ."

ಕತ್ತಿಯನ್ನು ಎತ್ತಿ ಪಕ್ಕಕ್ಕೆ ಹಿಡಿದೆ. ಕುರ್ಚಿಯ ಸುತ್ತ ಒಂದು ಸುತ್ತು ಬಂದೆ. ಆಮೇಲೆ ಡಾಕ್ಟರ ಎದುರಿಗೇ ನಿಂತು ಹೇಳಿದೆ. "ನಾನು ಮನೇಲಿ ಅಭ್ಯಾಸ ಮಾಡ್ತಿದ್ದೆ ಸರ್. ದೊಡ್ಡಕ್ಷರ. ಕೈ ಚೆನ್ನಾಗಿದೆ ಅಂತ ನಿಮಗೆ ತೋರಿಸೋಕೆ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದು ಗದ್ದದಲ್ಲಿ ಕಂಡಿತು, ನೊರೆ ಉದುರುವಷ್ಟು ನಡುಗಿತು.

"ನೀನು ಹೇಳ್ಲಿಲ್ಲ" ಎಂದರು.

"ನೀವು ಕೇಳ್ಲಿಲ್ಲ."

"ಇಲ್ಲ. ಕೇಳ್ಲಿಲ್ಲ." ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಚೀಟಿ ನೋಡಿದೆ, ನಿನ್ನನ್ನ ನೋಡ್ಲಿಲ್ಲ. ಈ ನಡುಕದ ಕಾಯಿಲೆ ಬಂದ ಮೇಲೆ ನನ್ನ ಅಕ್ಷರ ಇರುವೆ ಸಾಲಿನ ಹಾಗೆ ಆಗಿದೆ, ನನ್ನ ಸಹಿ ನನಗೇ ಓದೋಕಾಗಲ್ಲ. ನಿನ್ನ ಕಷ್ಟ ಏನಿತ್ತು ಅಂತ ಈಗ ಗೊತ್ತಾಗ್ತಿದೆ. ಗೊತ್ತಾಗಿ ಏನು ಬಂತು."

ನಾನು ಕತ್ತಿಯ ನೊರೆ ಒರೆಸಿದೆ. ಮತ್ತೊಂದು ಸುತ್ತು ಬಂದೆ.

"ಈಗ ಕೇಳ್ತೀನಿ" ಎಂದರು ಅವರು. "ಈ ಸುತ್ತೋದು ಯಾವಾಗಿಂದ?"

"ಕೆಲಸವಲ್ವಾ ಸರ್, ಸುತ್ತಲೇಬೇಕು."

"ನನ್ನ ಹತ್ರ ಬೇಡ. ಜೀವಮಾನ ಪೂರ್ತಿ ಕ್ಷೌರ ಮಾಡಿಸ್ಕೊಂಡಿದ್ದೀನಿ. ಹೊಸ ಮಾತ್ರೆ ಶುರುವಾದ ಮೇಲಾ?"

ತಮ್ಮ ಬಾಯಿ ಬಿಟ್ಟುಕೊಂಡು ನನ್ನ ಕಾಲು ನೋಡಿದ. ಬೆಳಿಗ್ಗೆಯಿಂದ ಸಂಜೆಯವರೆಗೆ ಪಕ್ಕದಲ್ಲೇ ಇದ್ದವನಿಗೂ ತಿಳಿದಿರಲಿಲ್ಲ.

"ಹೌದು" ಎಂದೆ.

"ಡಾಕ್ಟರಿಗೆ ಹೇಳಿದ್ದೀಯಾ?"

"ಹೇಳಿದ್ರೆ ಮಾತ್ರೆ ಬದಲಾಯಿಸ್ತಾರೆ. ಕೈ ಹೋಗುತ್ತೆ ಸರ್. ಕಾಲು ಹಾಳಾಗಿ ಹೋಗ್ಲಿ, ನನಗೆ ಕೈ ಬೇಕು."

"ಬದಲಾಯಿಸೋದೊಂದೇ ದಾರಿ ಅಲ್ಲ ಈಗ. ಡೋಸ್ ಇಳಿಸ್ಬಹುದು. ಆ ಚಡಪಡಿಕೆಗೇ ಬೇರೆ ಮಾತ್ರೆ ಇದೆ. ಕೈ ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ, ಕೊಡೋ ಯೋಗ್ಯತೆ ನನಗಿಲ್ಲ. ಆದ್ರೆ ನೀನು ಮುಚ್ಚಿಟ್ರೆ ಒಂದಲ್ಲ ಒಂದು ದಿನ ಅವರ ಕಣ್ಣಿಗೆ ಬೀಳೋದು ನಿಂತಲ್ಲಿ ನಿಲ್ಲದ ರೋಗಿ. ಕಾಯಿಲೆ ಜೋರಾಯ್ತು ಅಂತ ಏರಿಸ್ತಾರೆ. ನಾನಾಗಿದ್ರೆ ಅದನ್ನೇ ಮಾಡ್ತಿದ್ದೆ." ನನ್ನ ಕಣ್ಣು ನೋಡಿ, ಕೆಳದನಿಯಲ್ಲಿ ಹೇಳಿದರು. "ಮತ್ತೆ ದೊಡ್ಡಕ್ಷರ ಬರೀಬೇಡ ಮಗಾ."

ಅರ್ಧ ಮುಖದಲ್ಲಿ ಇನ್ನೂ ನೊರೆ ಇತ್ತು. ಕತ್ತಿ ನನ್ನ ಕೈಯಲ್ಲೇ ಇತ್ತು. ಡಾಕ್ಟರು ತಲೆಯನ್ನು ಹಿಂದಕ್ಕೆ ಒರಗಿಸಿ, ಕತ್ತು ಕೊಟ್ಟು ಕಣ್ಣು ಮುಚ್ಚಿದರು. ನಾನು ತಮ್ಮನನ್ನು ನೋಡಿದೆ, ಬೇಕಾದರೆ ತಗೋ ಎಂಬಂತೆ. ಅವನು ನಮಗೆ ಬೆನ್ನು ಹಾಕಿ ತನ್ನ ಗಿರಾಕಿಯ ಹತ್ತಿರ ಹೋಗಿ, ಬಾಚಣಿಗೆ ಎತ್ತಿಕೊಂಡ. ಆ ಕ್ರಾಪು ಮುಗಿಯುವವರೆಗೆ ಒಂದು ಸಲವೂ ತಿರುಗಿ ನೋಡಲಿಲ್ಲ.

ಉಳಿದರ್ಧ ಮುಗಿಸಿದೆ. ಪಟಿಕ ಉಜ್ಜಿದೆ. ಒಂದು ಗೀರೂ ಆಗಿರಲಿಲ್ಲ. ಹಳೆಯ ಗಾಯಗಳು ಅವರೇ ಮಾಡಿಕೊಂಡವು.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಅವತ್ತು ನನ್ನ ಸರದಿಯಲ್ಲ, ಕಾಯಬೇಕಾಯಿತು. ಬೆಂಚಿನಲ್ಲಿ ಕೂತವರೆಲ್ಲ ನಾನು ಓಡಾಡುವುದನ್ನು ನೋಡಿ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಹೋಗಿಬಿಡಲೇ ಎಂದು ಎಷ್ಟೋ ಸಲ ಅನ್ನಿಸಿತು. ಬಲಗೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಂಡೆ. ಎಲೆ ಅಲುಗದ ಹಾಗೆ ನಿಂತಿತ್ತು. ಇದನ್ನು ನೋಡುವುದು ಇದೇ ಕೊನೆಯಾದರೆ? ಅಷ್ಟರಲ್ಲಿ ಒಳಗಿಂದ ಕರೆದರು.

ಡಾಕ್ಟರಮ್ಮ ತಲೆ ಎತ್ತಿ ನಕ್ಕರು. "ಬನ್ನಿ, ಏನು ಇವತ್ತೇ ಬಂದ್ರಿ? ಕೂತ್ಕೊಳ್ಳಿ. ಹೇಗಿದ್ದೀರಿ?"

ಕುರ್ಚಿಯನ್ನು ಮೇಜಿನ ಕೆಳಕ್ಕೆ ತಳ್ಳಿದೆ.

"ಕೂರೋಕಾಗ್ತಿಲ್ಲ ಡಾಕ್ಟ್ರೇ" ಎಂದೆ. ಮೇಜಿನ ಕೆಳಗೆ ಇಷ್ಟು ದಿನ ಅಡಗಿಸಿಟ್ಟಿದ್ದನ್ನು ಅವರ ಕಣ್ಣೆದುರಿಗೆ, ಈ ಗೋಡೆಯಿಂದ ಆ ಗೋಡೆಗೆ, ನಡೆದು ತೋರಿಸಿದೆ. ಅವರು ಪೆನ್ನು ಕೆಳಗಿಟ್ಟು ನೋಡಿದರು.